ಟವೆಲ್ಲಿನ ಕೆಳಗಿನ ದರ

ಅಪ್ಪ ಲ್ಯಾಪ್‌ಟಾಪನ್ನು ಎತ್ತನ್ನು ನೋಡುವಂತೆಯೇ ನೋಡಿದ. ಮೊದಲು ಟೇಬಲ್ಲಿನ ಸುತ್ತ ಒಂದು ಸುತ್ತು ಹಾಕಿದ. ಆಮೇಲೆ ಅದರ ಬೆನ್ನ ಮೇಲೆ ಕೈಯಾಡಿಸಿದ. ಕೊನೆಗೆ ಎರಡೂ ಕೈಯಿಂದ ಬಾಯಿ ತೆರೆದು, ಒಳಗಿನ ಕೀಗಳನ್ನು ಬಗ್ಗಿ ದಿಟ್ಟಿಸಿದ.

“ಇದಕ್ಕ ವಯಸ್ಸೆಷ್ಟು ತಮ್ಮಾ?”

ಕೌಂಟರಿನ ಆಚೆ ನಿಂತಿದ್ದ ಹುಡುಗ ನಗಲಿಲ್ಲ. ನಗದಿರಲು ಪಟ್ಟ ಕಷ್ಟ ಮಾತ್ರ ಅವನ ಗಲ್ಲದ ಮೇಲೆ ಕಾಣುತ್ತಿತ್ತು.

“ಇನ್ನೂ ಹಾಲಹಲ್ಲು ರೀ ಯಜಮಾನ್ರ. ಆರು ತಿಂಗಳಾತು.”

ಅಪ್ಪನಿಗೆ ಖುಷಿಯಾಯಿತು. ನಾನು ಆ ಹುಡುಗನನ್ನು ಸರಿಯಾಗಿ ನೋಡಿದ್ದು ಆಗಲೇ. ದನದ ದಲಾಲಿಯ ಮಗಳಾಗಿ ಹುಟ್ಟಿದ ಮೇಲೆ ಅಪ್ಪನ ಮಾತಿಗೆ ಜನ ನಗುವುದನ್ನು ನೋಡಿ ನೋಡಿ ಅಭ್ಯಾಸವಾಗಿತ್ತು. ಅಪ್ಪನ ಭಾಷೆಯಲ್ಲೇ ಉತ್ತರ ಕೊಟ್ಟವನು ಇವನೊಬ್ಬ.

ಅದು ಎರಡು ಸಾವಿರದ ಒಂಬತ್ತರ ಬೇಸಿಗೆ. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯ ಆ ಅಂಗಡಿಯ ಮುಂದೆ ‘ಸೇಲ್’ ಎಂಬ ಹಳದಿ ಬ್ಯಾನರ್ ಕಟ್ಟಿದ್ದರು. ನಾನು ಅಲ್ಲಿಗೆ ಹತ್ತಿರದ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ಮೊಳಕೆ ಪರೀಕ್ಷೆ ಮಾಡುತ್ತಿದ್ದೆ. ಬೆಳಿಗ್ಗೆ ಮೋಟೆಬೆನ್ನೂರಿನಿಂದ ಬಸ್ಸು, ಸಂಜೆ ಅದೇ ದಾರಿ. ದೂರಶಿಕ್ಷಣದಲ್ಲಿ ಎಂ.ಎಸ್ಸಿ. ಕಟ್ಟಿದ್ದೆ. ಅದರ ವರದಿ ಟೈಪ್ ಮಾಡಲು ಮನೆಯಲ್ಲೊಂದು ಕಂಪ್ಯೂಟರ್ ಬೇಕಿತ್ತು. ಅಂಗಡಿಯಲ್ಲಿ ಉಳಿದದ್ದು ಇದೊಂದೇ, ಶೋಕೇಸಿನಲ್ಲಿಟ್ಟ ಡಿಸ್‌ಪ್ಲೇ ಪೀಸು. ಸ್ಲೇಟಿಗಿಂತ ಸ್ವಲ್ಪ ದೊಡ್ಡದು, ಬೂದು ಬಣ್ಣ, ಸಿ.ಡಿ. ಹಾಕಲು ಜಾಗವೇ ಇಲ್ಲ. ಬೋರ್ಡಿನ ಮೇಲೆ ಹದಿನಾಲ್ಕು ಸಾವಿರ ಎಂದು ಬರೆದಿತ್ತು.

ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ತನ್ನ ಬಲಗೈ ಮುಚ್ಚಿಕೊಂಡ. “ಕೈ ತಾ ತಮ್ಮಾ.”

ಹುಡುಗ ಗಲಿಬಿಲಿಗೊಂಡು ಟವೆಲ್ಲಿನೊಳಗೆ ಕೈ ಹಾಕಿ, ಅಪ್ಪನ ಕೈ ಹಿಡಿದು ಎರಡು ಸಲ ಕುಲುಕಿದ.

“ಅಯ್ಯ, ಇಂವ ಶೇಕ್ ಹ್ಯಾಂಡ್ ಕೊಡಾಕತ್ತಾನ,” ಅಂತ ಅಪ್ಪ ನನ್ನ ಕಡೆ ತಿರುಗಿದ. “ರೇಟ್ ಹೇಳಪಾ ಅಂದ್ರ.”

“ರೇಟ್ ಬೋರ್ಡಿನ ಮ್ಯಾಲ ಐತೆಲ್ರಿ.”

“ಬೋರ್ಡ್ ಊರಿಗೆಲ್ಲಾ ಕಾಣತೈತಿ. ಊರಿಗೆ ಕಂಡದ್ದು ರೇಟ್ ಹೆಂಗ ಆಗತೈತಿ?”

ಹಾವೇರಿ ಸಂತೆಯಲ್ಲಿ ಅಪ್ಪ ಒಂದು ದಿನವೂ ಬಾಯಿಬಿಟ್ಟು ದರ ಹೇಳಿದವನಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾನೆ, ಬೆರಳು ಹಿಡಿದವರಿಂದಲೇ ಕೇಳುತ್ತಾನೆ. ಸುತ್ತ ನಿಂತ ಜನಕ್ಕೆ ಕಾಣುವುದು ಟವೆಲ್ಲು, ಎರಡು ಸುಮ್ಮನಿರುವ ಮುಖ, ಅಷ್ಟೇ.

“ಹೋಗ್ಲಿ,” ಎಂದು ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡ. “ಅರುಣಾ, ದಿನಾ ಇಲ್ಲೇ ಬರತೀಯಲ್ಲ. ನಾಕ ಸಲ ಬಂದು ನೋಡು. ಮೈಯಾಗ ಏನರ ಐಬು ಐತೇನು ನೋಡು. ಆಮ್ಯಾಲ ಮಾತಾಡೂಣು.”

ಅಪ್ಪ ಹೇಳಿದ ಮಾತನ್ನು ನಾನು ಅಷ್ಟು ನಿಷ್ಠೆಯಿಂದ ಪಾಲಿಸಿದ್ದು ಅದೇ ಮೊದಲು.

*

ಅವನ ಹೆಸರು ಚನ್ನೇಶ. ಊರು ಐರಣಿ, ಮನೆಯ ಹಿಂದೆಯೇ ಹೊಳೆ. ಇಷ್ಟನ್ನು ನಾನು ಕೇಳಲಿಲ್ಲ. ಲ್ಯಾಪ್‌ಟಾಪ್ ಆನ್ ಆಗಲು ತೆಗೆದುಕೊಳ್ಳುವ ಹೊತ್ತು ದೊಡ್ಡದಿತ್ತು, ಆ ಹೊತ್ತಿನಲ್ಲಿ ಅವನೇ ಹೇಳಿದ.

ನನ್ನ ಕೆಲಸಕ್ಕೊಂದು ಕ್ರಮವಿತ್ತು. ಒಂದು ದಿನಕ್ಕೆ ಒಂದೇ ಪರೀಕ್ಷೆ. ಬ್ಯಾಟರಿ ನೋಡುವ ದಿನ ಬ್ಯಾಟರಿ ಮಾತ್ರ. ನಮ್ಮ ಊರಲ್ಲಿ ಸಂಜೆ ಕರೆಂಟ್ ಹೋದರೆ ಬರುವ ಖಾತ್ರಿ ಇರಲಿಲ್ಲ, ಆದ್ದರಿಂದ ಅದಕ್ಕೆ ಹೆಚ್ಚಿನ ತೂಕ. ಇನ್ನೊಂದು ದಿನ ಪರದೆಯ ಕೀಲು ಸಡಿಲವಿದೆಯೇ ಎಂದು ನೋಡಿದೆ. ಮತ್ತೊಂದು ದಿನ ಅಡಿಭಾಗ ಎಷ್ಟು ಬಿಸಿಯಾಗುತ್ತದೆಂದು ಅಂಗೈ ಇಟ್ಟು ನೋಡಿದೆ.

“ನೀವು ಬೀಜಾನೂ ಹಿಂಗ ನೋಡ್ತೀರೇನ್ರಿ ಮೇಡಂ?”

“ಬೀಜ ನಡುನಡುವ ಮಾತಾಡಂಗಿಲ್ಲ.”

“ಹಂಗಾರ ನಾ ಸುಮ್ನಿರ್ತೇನಿ.”

ಸುಮ್ಮನಿದ್ದ. ಕೌಂಟರಿಗೆ ಮೊಣಕೈ ಊರಿ, ಗದ್ದಕ್ಕೆ ಕೈ ಹಚ್ಚಿ, ನನ್ನ ಬೆರಳು ಆ ಚಿಕ್ಕ ಚಿಕ್ಕ ಕೀಗಳ ಮೇಲೆ ಹೋಗುವುದನ್ನೇ ನೋಡುತ್ತ ಕೂತ. ನಾನು ಒಂದೇ ಸಾಲನ್ನು ಮೂರು ಸಲ ತಪ್ಪು ಟೈಪಿಸಿದೆ.

“ಮೊಳಕಿ ಬಂತೇನ್ರಿ?” ಎಂದ ಮೆಲ್ಲಗೆ.

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಅವನಿಗೆ ಗೊತ್ತಾಗಿಬಿಡುತ್ತಿತ್ತು.

ಅದರ ಐಬುಗಳನ್ನೆಲ್ಲ ತೋರಿಸಿದವನು ಅವನೇ. ಎಡಗಡೆ ಪೆನ್‌ಡ್ರೈವ್ ಹಾಕುವ ಕಿಂಡಿ ಕೆಲಸ ಮಾಡುವುದಿಲ್ಲ ಎಂದ. ದಿನವಿಡೀ ಶೋಕೇಸಿನಲ್ಲಿ ಉರಿದು ಪರದೆಯ ಒಂದು ಮೂಲೆ ಮಂಕಾಗಿದೆ ಎಂದ. “ತಗೋಬ್ಯಾಡ್ರಿ,” ಎಂದು ಪ್ರತಿ ಸಂಜೆಯೂ ಹೇಳಿದ. ಬಾಗಿಲು ದಾಟುವಾಗ “ನಾಳೆ ಬರ್ತೀರಲ್ರಿ?” ಎಂದೂ ಕೇಳಿದ.

ನಮ್ಮ ಲ್ಯಾಬಿಗೆ ಬರುವ ಬೀಜದ ಪೊಟ್ಟಣದ ಮೇಲೆ ರೈತನ ಹೆಸರು ಇರುವುದಿಲ್ಲ, ಬರೀ ಸಂಖ್ಯೆ. ಯಾರ ಹೊಲದ್ದು ಎಂದು ತಿಳಿದುಬಿಟ್ಟರೆ ಎಣಿಸುವ ಕಣ್ಣು ಬದಲಾಗುತ್ತದೆ. ಒಣಗಿದ್ದೂ ಹಸಿರು ಕಾಣುತ್ತದೆ. ಈ ಬೂದು ಬಣ್ಣದ ಯಂತ್ರದ ಬೆಲೆ ಕಟ್ಟಲು ಹೋಗಿ ನನಗೆ ಆದದ್ದು ಅದೇ. ಸಂಜೆ ಅಂಗಡಿಯಿಂದ ಹೊರಬಿದ್ದರೆ ಅದು ಒಳ್ಳೆಯದೋ ಕೆಟ್ಟದ್ದೋ ಹೇಳಲು ಬರುತ್ತಿರಲಿಲ್ಲ. ಅವನು ಯಾವ ಬಣ್ಣದ ಅಂಗಿ ಹಾಕಿದ್ದ ಎಂಬುದನ್ನು ಮಾತ್ರ ತಪ್ಪಿಲ್ಲದೆ ಹೇಳಬಹುದಿತ್ತು.

*

ಒಂದು ಸಂಜೆ ಕರೆಂಟ್ ಹೋಯಿತು. ಪರದೆಯ ಬೆಳಕಷ್ಟೇ ಉಳಿಯಿತು, ಅದರಲ್ಲಿ ಅವನ ಮುಖ ಅರ್ಧ.

“ನಿಮ್ಮಪ್ಪಾರು ಬೆರಳು ಹಿಡದು ಮಾತಾಡ್ತಾರಲ್ಲ, ಅದನ್ನ ನನಗ ಕಲಸ್ರಿ. ಮತ್ತ ಬಂದಾಗ ಶೇಕ್ ಹ್ಯಾಂಡ್ ಕೊಟ್ಟು ನಗಿಗೇಡ ಆಗೂದು ಬ್ಯಾಡ.”

“ನಿಮ್ಮ ಕೈ ನೀವ ಹಿಡಕೋರಿ. ನಾ ಬಾಯಿಲೆ ಹೇಳ್ತೇನಿ.”

ಅವನು ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದು, ಶಾಲೆಯ ಹುಡುಗನಂತೆ ಕೂತ.

“ಒಂದು ಬೆರಳು ಹಿಡದ್ರ ಒಂದು ಸಾವಿರ. ಎರಡು ಹಿಡದ್ರ ಎರಡು. ಎಲ್ಲಾ ಬೆರಳು ಕೂಡಿಸಿ ಇಡೀ ಕೈ ಹಿಡದ್ರ ಐದು. ಹತ್ತರ ಮ್ಯಾಲಿನ ಮಾತು ಅಂತ ಮೊದಲ ಹೇಳಿದ್ರ, ಹತ್ತು ಸೇರಿಸಿ ತಿಳಕೋಬೇಕು.”

“ಒಪ್ಪಿಗಿ ಆದ್ರ?”

“ಅಂಗೈ ಗಟ್ಟಿ ಒತ್ತಬೇಕು.”

“ಒಪ್ಪಿಗಿ ಇಲ್ಲಾಂದ್ರ?”

“ಕೈ ಎಳಕೋಬೇಕು. ಆಮ್ಯಾಲ ಸಿಟ್ಟು ಮಾಡಂಗಿಲ್ಲ.”

ಅವನು ಸ್ವಲ್ಪ ಹೊತ್ತು ತನ್ನ ಕೈಯನ್ನೇ ನೋಡಿದ. “ಒತ್ತೂದೂ ಇಲ್ಲ, ಎಳಕೊಳ್ಳೂದೂ ಇಲ್ಲ. ಸುಮ್ನ ಹಂಗ ಹಿಡಕೊಂಡ ನಿಂತ್ರ?”

“ಹಂಗ ಯಾರೂ ನಿಂದ್ರಂಗಿಲ್ಲ. ಸಂತ್ಯಾಗ ಅಷ್ಟು ಪುರಸೊತ್ತು ಎಲ್ಲಿರತೈತಿ?”

ಕರೆಂಟ್ ಬಂತು. ಇಬ್ಬರೂ ಬೇರೆ ಬೇರೆ ಗೋಡೆ ನೋಡಿದೆವು.

*

ಮರುದಿನ ನಾನು ಹೋದಾಗ ಅಂಗಡಿಯಲ್ಲಿ ಗೂಡುಸಾಬರು ಇದ್ದರು. ಬಸ್‌ಸ್ಟ್ಯಾಂಡ್ ಹಿಂದೆ ಗ್ಯಾರೇಜ್ ಇಟ್ಟವರು, ಮಗಳು ಜಾಹೀದಾ ಪಿ.ಯು. ಓದುತ್ತಿದ್ದಳು, ಅವಳಿಗಾಗಿ ಬಂದಿದ್ದರು. ಚನ್ನೇಶ ಅವರಿಗೂ ಆ ಕಿಂಡಿ, ಆ ಮಂಕು ಮೂಲೆ ಎಲ್ಲ ತೋರಿಸಿ, “ಬ್ಯಾಡ್ರಿ ಸಾಹೇಬ್ರ, ಇನ್ನೊಂದೀಟು ರೊಕ್ಕ ಕೂಡಿಸಿ ಛಲೋದು ತಗೋರಿ” ಎನ್ನುತ್ತಿದ್ದ. ಅವರು ಅರೆಮನಸ್ಸಿನಿಂದ ಹೋದರು.

ನನಗೊಬ್ಬಳಿಗೇ ಹೇಳುತ್ತಿದ್ದಾನೆ ಎಂದುಕೊಂಡಿದ್ದೆ.

“ಎಲ್ಲಾರಿಗೂ ಇದನ್ನ ಹೇಳ್ತೀರೇನು?”

“ಹೌದ್ರಿ.”

“ಮಾರಾಕ ಕುಂತೋರು ಹಿಂಗ ಮಾಡಿದ್ರ ಹೆಂಗ?”

ಅವನು ಒಂದು ಬಟ್ಟೆ ತೆಗೆದುಕೊಂಡು ಒರೆಸಿದ ಪರದೆಯನ್ನೇ ಮತ್ತೆ ಒರೆಸಿದ. ಆಗ ನಾನು ಸುತ್ತ ನೋಡಿದೆ. ಗೋಡೆಯ ಶೆಲ್ಫುಗಳು ಖಾಲಿ. ನೆಲದ ಮೇಲೆ ರಟ್ಟಿನ ಡಬ್ಬಿಗಳು, ಸುತ್ತಿಟ್ಟ ವೈರುಗಳು. ಬಂದಷ್ಟು ದಿನ ನಾನು ನೋಡಿದ್ದು ಒಂದು ಯಂತ್ರವನ್ನು, ಒಬ್ಬ ಮನುಷ್ಯನನ್ನು. ಅಂಗಡಿಯನ್ನು ನೋಡಿಯೇ ಇರಲಿಲ್ಲ.

“ಇದು ಸೇಲ್ ಅಲ್ರಿ,” ಎಂದ. “ಅಂಗಡಿ ಮುಚ್ಚಾಕತ್ತಾರ. ಈ ಪೀಸು ಹೋದ ದಿನ ಬಾಗಿಲ ಹಾಕೋಣಂತ ಹೇಳ್ಯಾರ ಮಾಲಕರು. ನನ್ನನ್ನ ಗದಗಿನ ಅಂಗಡಿಗೆ ಕಳಸ್ತಾರ. ಅದಕ್ಕ ಇದು ಹೋಗಬಾರ್ದು ಅನಸ್ತು.”

ಹೊರಗೆ ಆಟೋ ಒಂದು ಹಾರ್ನ್ ಹೊಡೆಯುತ್ತಲೇ ಇತ್ತು.

“ಹಂಗಾರ ಖರೇ ಹೇಳ್ರಿ. ಇದು ಛಲೋ ಐತೋ ಇಲ್ಲೋ?”

“ಗೊತ್ತಿಲ್ರಿ,” ಎಂದ. ಸುಳ್ಳು ಹೇಳುವವನ ಮುಖ ಅದಲ್ಲ. “ಮೊದಲ ಗೊತ್ತಿತ್ತು. ಈಗ ಇದನ್ನ ನೋಡಿದ್ರ ನಿಮ್ಮ ಬೆರಳ ಕಾಣತಾವು.”

ಹೇಳಲು ಇದ್ದದ್ದೆಲ್ಲ ನನ್ನ ಊರು, ಅವನ ಊರು, ಅಪ್ಪ, ಅಪ್ಪನ ಜನ, ಅವನ ಜನ ಎಂದು ಒಂದರ ಹಿಂದೊಂದು ನಿಂತುಕೊಂಡಿತು. ಆ ಸಾಲನ್ನು ದಾಟುವ ಮಾತು ನನಗೆ ಬರುತ್ತಿರಲಿಲ್ಲ.

“ನಾಳೆ ಕಡೇ ದಿನ,” ಎಂದ ಅವನೇ. “ಮಾಲಕರು ಫೋನ್ ಮಾಡಿದ್ರು. ಮಾರಿದ್ರೂ ಅಷ್ಟ, ಮಾರದಿದ್ರೂ ಅಷ್ಟ.”

*

ಮನೆಯಲ್ಲಿ ನಾಳೆ ಕಡೇ ದಿನ ಎಂದಷ್ಟೇ ಹೇಳಿದೆ. ಅಪ್ಪ ಬಂದ. ಅವನ ಬಲಗೈಗೆ ಬಿಳಿ ಪಟ್ಟಿ ಸುತ್ತಿತ್ತು. ಸಂತೆಯಲ್ಲಿ ಹೋರಿಯೊಂದನ್ನು ಟೆಂಪೋ ಹತ್ತಿಸುವಾಗ ಅದರ ಕೋಡಿಗೂ ಹಲಗೆಗೂ ನಡುವೆ ಬೆರಳು ಸಿಕ್ಕಿದ್ದವು.

ಅಂಗಡಿಯಲ್ಲಿ ಇಬ್ಬರು ಶೆಲ್ಫು ಬಿಚ್ಚುತ್ತಿದ್ದರು. ಮಾಲೀಕರಾದ ಕಿರಣಕುಮಾರ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದರು. ಗೂಡುಸಾಬರೂ ಮತ್ತೆ ಬಂದಿದ್ದರು, ಮಗಳು ರಾತ್ರಿಯಿಡೀ ಹಟ ಹಿಡಿದಿದ್ದಳಂತೆ.

“ಇಬ್ಬರು ಗಿರಾಕಿ ಅದೇವಿ ಅಂದ ಮ್ಯಾಲ ಬಾಯಿಲೆ ಮಾತು ಆಗಂಗಿಲ್ಲ,” ಎಂದ ಅಪ್ಪ. ಪಟ್ಟಿ ಸುತ್ತಿದ ಕೈ ನೋಡಿಕೊಂಡ. ಎಡಗೈ ಚಾಚುವವನಲ್ಲ. “ಅರುಣಾ, ನೀನ ಹಿಡಿ. ಕಲಿಸಿದ್ದು ನೆನಪೈತಿಲ್ಲೋ?” ಆಮೇಲೆ ನನ್ನ ಕಿವಿಗೆ ಬಗ್ಗಿ, “ಹನ್ನೊಂದು ದಾಟಬ್ಯಾಡ,” ಎಂದ.

ಹೆಗಲಿನಿಂದ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಕಿದ. ಕೆಂಪು ಅಂಚಿನ ಬಿಳಿ ಟವೆಲ್ಲು, ಹುಲ್ಲಿನ, ಬೀಡಿಯ, ಬಿಸಿಲಿನ ವಾಸನೆ. ಊಟಕ್ಕೆ ಕೂತಾಗಲೂ ಅಪ್ಪ ಅದನ್ನು ಬಿಟ್ಟವನಲ್ಲ.

ಚನ್ನೇಶ ಮಾಲೀಕರ ಕಡೆ ನೋಡಿದ. ಅವರು, “ಮಾತಾಡಪಾ, ಹನ್ನೆರಡರ ಕೆಳಗ ಇಳೀಬ್ಯಾಡ” ಎಂದು ಅವನ ಕಿವಿಯಲ್ಲಿ ಹೇಳಿದ್ದು ಆಮೇಲೆ ಗೊತ್ತಾಯಿತು. ಅವನು ಮುಂದೆ ಬಂದು ಟವೆಲ್ಲಿನ ಕೆಳಗೆ ಕೈ ತಂದ.

“ಹತ್ತರ ಮ್ಯಾಲಿನ ಮಾತು,” ಎಂದೆ.

ಅವನ ಒಂದು ಬೆರಳು ಹಿಡಿದೆ. ತಣ್ಣಗಿತ್ತು. ಇಷ್ಟು ದಿನ ಆ ಬೆರಳು ಕೌಂಟರಿನ ಮೇಲೆ ನನ್ನ ಬೆರಳಿನಿಂದ ಒಂದು ಗೇಣು ದೂರ ಇರುತ್ತಿತ್ತು. ಆ ಒಂದು ಗೇಣನ್ನು ನಾನು ಎಷ್ಟು ಕರಾರುವಾಕ್ಕಾಗಿ ಅಳೆದಿದ್ದೆ ಎಂದು ಆಗ ತಿಳಿಯಿತು.

ಅವನು ನನ್ನ ಮೂರು ಬೆರಳು ಹಿಡಿದ. ಹದಿಮೂರು.

ನಾನು ಮತ್ತೆ ಒಂದೇ ಹಿಡಿದೆ. ಅವನು ಎರಡಕ್ಕೆ ಇಳಿದ. ನಾನು ಒಂದು. ಅವನು ಎರಡು. ಅಲ್ಲಿಂದ ಅವನು ಇಳಿಯುವಂತಿರಲಿಲ್ಲ, ನಾನು ಏರುವಂತಿರಲಿಲ್ಲ. ಕೈ ಎಳೆದುಕೊಳ್ಳಬೇಕಾದ ಹೊತ್ತು ಅದು.

ನಾನು ಅವನ ಐದೂ ಬೆರಳು ಕೂಡಿಸಿ ಇಡೀ ಕೈ ಹಿಡಿದೆ.

ಅವನು ತುಟಿ ಅಲುಗಿಸದೆ, “ಇದು ಹದಿನೈದು ಆತ್ರಿ. ಬೋರ್ಡಿಗಿಂತ ಜಾಸ್ತಿ,” ಎಂದ.

“ಗೊತ್ತೈತಿ.”

“ಹಂಗಾರ ಎಷ್ಟಂತ ತಿಳಕೊಳ್ಳಲಿ?”

“ಎಣಸಬ್ಯಾಡ್ರಿ.”

ಅವನು ಅಂಗೈ ಒತ್ತಲಿಲ್ಲ, ಎಳೆದುಕೊಳ್ಳಲೂ ಇಲ್ಲ. ನನ್ನ ಕೈಯೊಳಗೆ ಅವನ ಕೈ ಮೆಲ್ಲಗೆ ಬೆಚ್ಚಗಾಯಿತು, ಅಷ್ಟೇ. ಶೆಲ್ಫಿನ ಕೊನೆಯ ಹಲಗೆ ಇಳಿಸುವ ಸದ್ದು ಕೇಳಿತು. ನಾಳೆ ಅವನು ಗದಗಿನಲ್ಲಿರುತ್ತಾನೆ, ನಾನು ಒದ್ದೆ ಕಾಗದದ ಮೇಲಿನ ಮೊಳಕೆ ಎಣಿಸುತ್ತಿರುತ್ತೇನೆ. ಅದನ್ನು ಬದಲಿಸುವ ಶಕ್ತಿ ಟವೆಲ್ಲಿನ ಕೆಳಗಿನ ಯಾವ ಬೆರಳಿಗೂ ಇರಲಿಲ್ಲ. ಅದು ಗೊತ್ತಿದ್ದೂ ಬಿಡಲಾಗಲಿಲ್ಲ.

“ಮುಗೀತೇನ್ರಿ?” ಗೂಡುಸಾಬರು ಕೇಳಿದರು. “ಇಲ್ಲಾಂದ್ರ ನಾ ತಗೊಳ್ಳಲೇನು?”

ಅಪ್ಪ ಟವೆಲ್ಲನ್ನೇ ನೋಡುತ್ತಿದ್ದ. ಬದುಕಿಡೀ ಟವೆಲ್ಲಿನ ಏರಿಳಿತ ಓದಿದವನು. ಅದರ ಕೆಳಗೆ ಬೆರಳು ಆಡುವುದು ನಿಂತು ಎಷ್ಟು ಹೊತ್ತಾಯಿತೆಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ನನ್ನ ಮುಖ ನೋಡಿದ. ಚನ್ನೇಶನ ಮುಖ ನೋಡಿದ. ಅಪ್ಪ ಟವೆಲ್ ಎಳೆಯುತ್ತಾನೆ ಎಂದು ನಾನು ಕಾದೆ.

“ತಗೋರಿ ಸಾಹೇಬ್ರ,” ಎಂದ ಅಪ್ಪ ಗೂಡುಸಾಬರಿಗೆ. “ಆ ಮಷೀನು ನಿಮ್ಮ ಹುಡುಗಿಗೆ ಇರ್ಲಿ. ನಮ್ಮ ಹುಡುಗಿಗೆ ಅದು ಬೇಕಾಗಿರಾಕಿಲ್ಲ.”

ಮಾಲೀಕರು ಬೂದು ಲ್ಯಾಪ್‌ಟಾಪನ್ನು ಚಾರ್ಜರ್ ಸಮೇತ ಚೀಲದೊಳಗೆ ಹಾಕಿದರು. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಟವೆಲ್ ಕೇಳಲಿಲ್ಲ. ಬರಿ ಹೆಗಲಿನ ಅಪ್ಪನನ್ನು ನಾನು ರಸ್ತೆಯ ಮೇಲೆ ನೋಡಿದ್ದು ಅದೇ ಮೊದಲು. ಎದುರಿನ ಚಹಾದ ಅಂಗಡಿಯ ಬೆಂಚಿನ ಮೇಲೆ, ನಮಗೆ ಬೆನ್ನು ತಿರುಗಿಸಿ ಕೂತ.

ಚಹಾ ಕುಡಿದು ಮುಗಿಸಿದ. ನಮ್ಮೂರಿನ ಮೇಲೆ ಹೋಗುವ ಹಾವೇರಿ ಬಸ್ಸು ಬಂದು ಕೂಗಿ ಹೋಯಿತು. ಆಗ ತಿರುಗದೆಯೇ ದನಿ ಎತ್ತಿ ಕೇಳಿದ.

“ಏನವ್ವಾ, ಯಾಪಾರ ಮುರೀತೇನು?”

ಚನ್ನೇಶನ ಕೈ ಒಮ್ಮೆ ಬಿಗಿಯಾಯಿತು.

“ಇಲ್ಲಪ್ಪಾ,” ಎಂದೆ. “ಇನ್ನೂ ನಡದೈತಿ.”

ಅಪ್ಪ ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ.

“ನಡೀಲಿ,” ಎಂದ. “ಬಸ್ ಮತ್ತೊಂದು ಐತಿ.”