ಅವನು ಬಿಟ್ಟುಕೊಟ್ಟ ಸಮುದ್ರ

"ಈ ಕೆಂಪು ಬಣ್ಣ ಬಳಿದಿದ್ದು ಯಾರು?"

ಸಾಗರ ಸಂಶೋಧನಾ ಕೇಂದ್ರದ ಬಾಗಿಲಲ್ಲಿ ಒದ್ದೆ ಬೂಟು ಹಾಕಿಕೊಂಡ ದೋಣಿಯವನೊಬ್ಬ ನಿಂತಿದ್ದ. ಕೈಯಲ್ಲಿ ಮುದ್ದೆಯಾದ ನಕ್ಷೆ. ಬಂದರಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು 'ಸಿಡುಕ' ಅಂತಲೇ!

"ನಾನೇ," ಎಂದಳು ಒಳಗೆ ಕೂತಿದ್ದ ಸಂಶೋಧಕಿ.

ನೀರಿನ ಬಿಸಿ, ಉಪ್ಪು, ಆಳ, ಮೀನುಗಾರರು ಬರೆಸಿದ ಹಳೇ ದಾಖಲೆ... ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು, ಅಳಿದುಹೋಗುತ್ತಿರುವ ವಲಸೆ ಮೀನು ಎಲ್ಲಿರಬಹುದು ಅಂತ ಊಹಿಸುವುದು ಅವಳ ಕೆಲಸ. ಸಮುದ್ರದಿಂದ ನದಿಗೆ ಮೊಟ್ಟೆಯಿಡಲು ಹೋಗುವ ಮೀನು ಅದು. ಸಾರ್ವಜನಿಕ ಸಭೆ ಒಪ್ಪಿದರೆ, ಕೆಂಪು ಬಿದ್ದ ಕಡೆ ಇನ್ನು ಬಲೆ ಹಾಕುವಂತಿಲ್ಲ.

"ನಿಮ್ಮ ಕಂಪ್ಯೂಟರ್ ಯಾವತ್ತಾದ್ರೂ ಸಮುದ್ರ ನೋಡಿದ್ಯಾ?"

"ಇಲ್ಲ. ನೀವು ತೋರಿಸ್ತೀರಾ?"

ಅವನು ತಬ್ಬಿಬ್ಬಾದ. "ಬೆಳಿಗ್ಗೆ ಆರಕ್ಕೆ ಬನ್ನಿ. ವಾಂತಿ ಆದ್ರೆ ನನ್ನ ಕೇಳ್ಬೇಡಿ!"

ವಾಂತಿ ಆಯಿತು. ಮೂರು ಸಲ. ಎರಡು ಸಲ ಸುಮ್ಮನೆ ನೀರು ಕೊಟ್ಟವನು ಮೂರನೇ ಸಲ ನಕ್ಕೇಬಿಟ್ಟ.

ಆಮೇಲೆ ಅವಳು ವಾರವಾರವೂ ಹೋದಳು. ಅವನು ಕರೆದೊಯ್ಯುತ್ತಿದ್ದದ್ದು ನಕ್ಷೆಯಲ್ಲಿ ಕೆಂಪು ಬಿದ್ದ ಕಡೆಗೇ. ಅಪರೂಪಕ್ಕೊಮ್ಮೆ ಆ ಮೀನು ಬಲೆಗೆ ಸಿಕ್ಕಾಗ ಅವನು ಎಳೆ ಬಿಡಿಸಿ, ಅದು ತಾನಾಗಿ ಬಾಲ ಆಡಿಸುವವರೆಗೂ ನೀರಿನಲ್ಲಿ ಹಿಡಿದಿರುತ್ತಿದ್ದ. "ಹೋಗಮ್ಮ, ಜೋಪಾನ..."

ಎಂಜಿನ್ ನೋಡಿಕೊಳ್ಳುವ ಅವನ ಅಕ್ಕ ಪಿಸುಗುಟ್ಟಿದಳು, "ಸಿಡುಕೆಲ್ಲ ಮನುಷ್ಯರ ಹತ್ರ ಮಾತ್ರ ನೋಡು."

ಅವಳು ಮೀನು ಬಿಟ್ಟು ಅವನನ್ನೇ ನೋಡುತ್ತ ನಿಂತಳು.

ಆದರೆ ಸಾರ್ವಜನಿಕ ಸಭೆಯ ದಿನ, ತುಂಬಿದ ಸಭಾಂಗಣದಲ್ಲಿ ಅವನು ಎದ್ದು ನಿಂತ. "ಈ ನಕ್ಷೆ ತಪ್ಪು."

ಚಪ್ಪಾಳೆಯೋ ಚಪ್ಪಾಳೆ!

'ಇಷ್ಟು ದಿನ ನಕ್ಕು ಮಾತಾಡಿಸಿದ್ದು ಇದಕ್ಕೇನಾ?' ಕಣ್ಣು ತುಂಬಿತು. ಅವಳು ಹೊರಗೆ ನಡೆದುಬಿಟ್ಟಳು. ಮೂರು ವಾರ ಅವನ ಫೋನ್ ಎತ್ತಲಿಲ್ಲ.

ಕೊನೆಗೆ ಅವನ ಅಕ್ಕನೇ ಬಂದಳು, ಅವನದೊಂದು ನೋಟ್‌ಬುಕ್ ಹಿಡಿದು.

"ಅರ್ಧ ಮಾತಿಗೇ ಎದ್ದು ಹೋದ್ಯಲ್ಲೇ! ಆಮೇಲೆ ಅವನು ಹೇಳಿದ್ದು ಗೊತ್ತಾ? 'ಮೀನು ಇರೋದು ನಾನು ದಿನಾ ಬಲೆ ಹಾಕೋ ಕಡೆ. ಮುಚ್ಚೋದಾದ್ರೆ ಅದನ್ನ ಮುಚ್ಚಿ' ಅಂತ. ಅಲ್ಲಿ ಬಲೆ ಹಾಕೋರು ಇನ್ನೂ ಇದಾರಲ್ಲ, ಅವತ್ತಿಂದ ಬಂದರಲ್ಲಿ ಯಾರೂ ಅವನ ಜೊತೆ ಮಾತಾಡ್ತಿಲ್ಲ."

ಹನ್ನೊಂದು ವರ್ಷದಿಂದ ಅವನು ಮತ್ತೆ ನೀರಿಗೆ ಬಿಟ್ಟ ಮೀನುಗಳು... ದಿನ, ಜಾಗ, ಆಳ, ಎಲ್ಲ ಅದರಲ್ಲಿತ್ತು. ಜಾಗ ಕೈತಪ್ಪೀತೆಂದು ಯಾರೂ ಅಲ್ಲಿಯ ಮೀನಿನ ಸುದ್ದಿ ಬರೆಸಿರಲಿಲ್ಲ. ಕಂಪ್ಯೂಟರಿಗಾದರೂ ಹೇಗೆ ಗೊತ್ತಾಗಬೇಕು? ಅವಳು ಎಲ್ಲವನ್ನೂ ಅದಕ್ಕೆ ತುಂಬಿಸಿದಳು. ಕೆಂಪು ನಿಧಾನಕ್ಕೆ ದಕ್ಷಿಣಕ್ಕೆ ಸರಿದು, ಸರಿಯಾಗಿ ಅವನ ಜಾಗದ ಮೇಲೆ ನಿಂತಿತು.

ಅವಳು ಬಂದರಿಗೆ ಓಡಿದಳು. ಅವನೊಬ್ಬನೇ ಕೂತು ಬಲೆ ಹೊಲಿಯುತ್ತಿದ್ದ.

"ಮೊದಲೇ ನನಗ್ಯಾಕೆ ಹೇಳ್ಲಿಲ್ಲ?"

"ಜಾಗ ಹೋಗುತ್ತೆ ಅಂತ ಭಯ ಇತ್ತು. ಆದ್ರೆ ನೀವು ಅಷ್ಟು ಕಷ್ಟಪಡೋದು ನೋಡಿ... ಸುಳ್ಳು ಮುಖ ಇಟ್ಕೊಂಡು ನಿಮ್ಮೆದುರು ಕೂರೋಕಾಗ್ಲಿಲ್ಲ."

"ನನ್ನನ್ನ ಕ್ಷಮಿಸ್ತೀರಾ?"

"ಯಾವತ್ತೋ ಕ್ಷಮಿಸಿದೀನಿ." ಅವನ ದನಿ ತಗ್ಗಿತು. "ಇನ್ಮೇಲೆ ದೂರ ಹೋಗಿ ಬಲೆ ಹಾಕ್ಬೇಕು. ಮನೆಗೆ ಬರೋದು ತಡ ಆಗುತ್ತೆ..."

"ಅದನ್ನ ನನಗ್ಯಾಕೆ ಹೇಳ್ತಿದೀರಾ?"

ಸಿಡುಕನ ಕಿವಿ ಕೆಂಪಾಯಿತು. "ಮನೇಲಿ ನೀನು ಇದ್ರೆ... ಬೇಗ ಬರೋಕೆ ನೋಡ್ತೀನಿ."

ಅವಳು ಅಳುತ್ತಲೇ ನಕ್ಕಳು.

"ತಡವಾದ್ರೂ ಪರವಾಗಿಲ್ಲ ಕಣೋ. ಬಾ... ಸಾಕು."