ತೋಳಿನ ಮೇಲಿನ ಬಿಳಿ ಕಲೆ

"ದುರ್ಗೀ, ಬಾಬೂನ್ನ ಒಂಚೂರು ಎತ್ಕೋ ಬಾ. ಹಂಚಿನ ಮ್ಯಾಲ ರೊಟ್ಟಿ ಸುಡಾಕತ್ತದ!"

ಅವ್ವ ಒಲೆಯ ಬಳಿಯಿಂದ ಕೂಗಿದಳು. ಪುಟ್ಟ ತಮ್ಮ ಬಾಬು ಚಾಪೆಯ ಮೇಲೆ ಕೂತು, ಎರಡೂ ಕೈ ಮೇಲೆತ್ತಿ ಅಕ್ಕನನ್ನೇ ನೋಡುತ್ತಿದ್ದ. ದುರ್ಗಾ ಮಾತ್ರ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಅಂಟಿ ನಿಂತಳು.

"ನಂಗ ಹೋಮ್‌ವರ್ಕ್ ಅದವ್ವಾ."

"ಮೊನ್ನೆ ತನಕ ಅಂವನ್ನ ಕೆಳಗ ಇಳಸ್ತಿದ್ದಿಲ್ಲ. ಈಗೇನಾತು ನಿಂಗ?"

ಬಾಬು ತುಟಿ ಉಬ್ಬಿಸಿ ಅಳತೊಡಗಿದ. ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದು ಎತ್ತಿಕೊಂಡಳು. ರೊಟ್ಟಿ ಸುಟ್ಟೇಬಿಟ್ಟಿತು. ದುರ್ಗಾಗೂ ಅಳು ಬಂತು, ನುಂಗಿಕೊಂಡಳು.

ಏನಾಗಿದೆ ಎಂದು ಅವಳೊಬ್ಬಳಿಗೇ ಗೊತ್ತಿತ್ತು. ಹೋದ ವಾರ ಸ್ನಾನ ಮಾಡುವಾಗ ಎಡತೋಳಿನ ಮೇಲೆ ನಾಣ್ಯದಷ್ಟು ದೊಡ್ಡ ಬಿಳಿಚಿದ ಕಲೆ ಕಂಡಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಸಂಜೆ ಅಪ್ಪ ಫ್ಯಾಕ್ಟರಿಯಿಂದ ಬಂದು ಫೋನನ್ನು ಚಾರ್ಜಿಗೆ ಹಾಕಿದಾಗ, ದುರ್ಗಾ ಮೆಲ್ಲಗೆ ಅದನ್ನು ಕೈಗೆತ್ತಿಕೊಂಡು ಪಿಸುಮಾತಿನಲ್ಲಿ ಕೇಳಿದ್ದಳು: "ಕೈ ಮೇಲೆ ಬಿಳಿ ಕಲೆ ಯಾಕೆ ಆಗ್ತದ?"

ಕೂಡಲೇ ಒಂದು ವಿಡಿಯೋ ಬಂತು. ಬಿಳಿ ಕೋಟು ಹಾಕಿಕೊಂಡ ಒಬ್ಬ ಮನುಷ್ಯ ಬೆರಳು ಚಾಚಿ ಹೇಳಿದ: "ಇದು ತೊನ್ನು! ಮುಟ್ಟಿದರೆ ಮನೆಮಂದಿಗೆಲ್ಲ ಹರಡುತ್ತದೆ! ಚಿಕ್ಕ ಮಕ್ಕಳನ್ನು ದೂರ ಇಡಿ!" ಹಿಂದೆ ಢಂ ಢಂ ಎಂದು ಭಯ ಹುಟ್ಟಿಸುವ ಮ್ಯೂಸಿಕ್ಕು. ಅದು ಮುಗಿಯುತ್ತಲೇ ಫೋನು ತಾನಾಗಿಯೇ ಇನ್ನೊಂದು ವಿಡಿಯೋ ತೋರಿಸಿತು. ಅದರಲ್ಲಿ ಒಬ್ಬ ಹೆಂಗಸು. ಆಮೇಲೆ ಒಬ್ಬ ಅಜ್ಜ. ಎಲ್ಲರದೂ ಅದೇ ಮಾತು. ಲಕ್ಷಗಟ್ಟಲೆ ಜನ ನೋಡಿದ್ದರು. ಇಷ್ಟು ಮಂದಿ ಸೇರಿ ಸುಳ್ಳು ಹೇಳುತ್ತಾರೆಯೇ?

ಅಂದಿನಿಂದ ದುರ್ಗಾ, ಅವರ ಮನೆಯಿದ್ದ ಮರಾಠಿ ಊರು ಚಿಂಚವಾಡದ ಆ ಬಿಸಿಲಲ್ಲೂ ಸ್ವೆಟರ್ ಬಿಚ್ಚಲಿಲ್ಲ.

ಶಾಲೆಯಲ್ಲಿ ಬಿಡುವಿನ ವೇಳೆ ಗೆಳತಿ ಸ್ನೇಹಲ್ ಎರಡೂ ಕೈ ಮುಂದೆ ಚಾಚಿ ಬಂದಳು. "ಚಲ್, ಫುಗಡಿ!" ಕೈ ಕೈ ಹೆಣೆದು ಗಿರಗಿರನೆ ತಿರುಗುವ ಆ ಆಟದಲ್ಲಿ ಇವರಿಬ್ಬರನ್ನು ಮೀರಿಸುವವರೇ ಇರಲಿಲ್ಲ. ದುರ್ಗಾ ಹಿಂದೆ ಸರಿದಳು. ಡಬ್ಬಿ ತೆರೆದಾಗಲೂ ದೂರ ಹೋಗಿ ಕೂತಳು. ದಿನಾ ಅವಳ ಶೇಂಗಾ ಚಟ್ನಿಯಲ್ಲಿ ಅರ್ಧ ಪಾಲು ಸ್ನೇಹಲ್‌ಳದು.

"ನನ್ನ ಮೇಲೆ ಸಿಟ್ಟಾ?" ಎಂದು ಸ್ನೇಹಲ್ ಮರಾಠಿಯಲ್ಲಿ ಕೇಳಿದಳು. ದುರ್ಗಾ ಡಬ್ಬಿ ಎತ್ತಿಕೊಂಡು ಇನ್ನೂ ದೂರ ಸರಿದಳು. ಮರುದಿನ ಸ್ನೇಹಲ್ ಬ್ಯಾಗು ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು.

ಆ ದಿನವೇ ಕಂಪ್ಯೂಟರ್ ಪೀರಿಯಡ್ ಇತ್ತು. ಮಕ್ಕಳೆಲ್ಲ ಹುಲಿ, ರಾಕೆಟ್ಟು, ಕ್ರಿಕೆಟ್ ಎಂದು ಹುಡುಕುತ್ತಿದ್ದರು. ದುರ್ಗಾ ಆಚೀಚೆ ನೋಡಿ ಟೈಪ್ ಮಾಡಿದಳು: "ತೊನ್ನು ತಮ್ಮನಿಗೆ ಬರುತ್ತದಾ?"

ಹಿಂದೆ ಯಾರೋ ನಿಂತಂತಾಯಿತು. ಮಾಧುರಿ ಟೀಚರ್! ದುರ್ಗಾ ಗಾಬರಿಯಿಂದ ಸ್ಕ್ರೀನಿಗೆ ಅಂಗೈ ಅಡ್ಡ ಹಿಡಿದಳು. ಟೀಚರ್ ಮುಂದೆ ಹೋದರು. ಗಂಟೆ ಬಾರಿಸಿ ಎಲ್ಲರೂ ಹೊರಟಾಗ ಅವಳೊಬ್ಬಳನ್ನು ನಿಲ್ಲಿಸಿಕೊಂಡರು. ಟೀಚರ್ ಸೊಲ್ಲಾಪುರದವರು. ತರಗತಿಯಲ್ಲಿ ಮರಾಠಿ, ದುರ್ಗಾ ಒಬ್ಬಳೇ ಸಿಕ್ಕರೆ ಕನ್ನಡ.

"ಏನಾಗ್ಯದವಾ? ಇಷ್ಟು ಬಿಸಲಾಗ ಸ್ವೆಟರ್ ಯಾಕ?"

ದುರ್ಗಾ ಅಳುತ್ತಲೇ ತೋಳು ಮೇಲೇರಿಸಿ ತೋರಿಸಿದಳು. ವಿಡಿಯೋಗಳ ಕತೆಯನ್ನೂ ಹೇಳಿದಳು. ಕೊನೆಗೆ, "ಡಾಕ್ಟರೇ ಹೇಳ್ಯಾರ್ರಿ ಟೀಚರ್," ಅಂದಳು.

"ಅಂವ ಡಾಕ್ಟರ್ ಅಂತ ನಿನಗ ಹೆಂಗ ಗೊತ್ತಾತು?"

"ಬಿಳಿ ಕೋಟ್ ಹಾಕ್ಯಾರಲ್ರಿ."

"ಹೋದ ಗ್ಯಾದರಿಂಗ್‌ನಾಗ ನಿಮ್ಮ ಕ್ಲಾಸಿನ ವಿಕಾಸ ನಾಟಕದಾಗ ಪೊಲೀಸ್ ಡ್ರೆಸ್ ಹಾಕಿದ್ದ. ಹಂಗಂತ ಕಳ್ಳರನ್ನ ಹಿಡಿಯಾಕ ಅವನ್ನ ಕಳಸೂಣೇನು?"

ವಿಕಾಸನ ಸಡಿಲ ಪ್ಯಾಂಟು ಪದೇ ಪದೇ ಜಾರುತ್ತಿದ್ದದ್ದು ನೆನಪಾಗಿ ದುರ್ಗಾಗೆ ಅಳುವಿನ ನಡುವೆಯೇ ನಗು ಬಂತು.

"ತಗಿ ಆ ವಿಡಿಯೋ. ಮ್ಯೂಸಿಕ್ ಬಂದ್ ಮಾಡು. ಈಗ ಸಾವಕಾಶ ನೋಡು. ಏನೇನು ಕಾಣ್ತದ?"

ಸದ್ದಿಲ್ಲದಾಗ ಆ ಮನುಷ್ಯ ಅಷ್ಟೇನೂ ಭಯಂಕರನಾಗಿ ಕಾಣಲಿಲ್ಲ. ಸುಮ್ಮನೆ ಬಾಯಿ ತೆಗೆದು ಮುಚ್ಚುತ್ತಿದ್ದ. ಅವನ ಹೆಸರು ಎಲ್ಲೂ ಇರಲಿಲ್ಲ. ಯಾವ ಆಸ್ಪತ್ರೆಯವನು ಎಂದೂ ಇರಲಿಲ್ಲ. ಕೊನೆಗೆ ಹಸಿರು ಮುಚ್ಚಳದ ಎಣ್ಣೆ ಬಾಟಲಿ ಬಂತು, ಕೆಳಗೊಂದು ಫೋನ್ ನಂಬರು. ಮನೆಯಲ್ಲಿ ಹೆದರಿಕೆಯಿಂದ ಅವಳು ಯಾವುದನ್ನೂ ಕೊನೆಯ ತನಕ ಸರಿಯಾಗಿ ನೋಡಿರಲಿಲ್ಲ.

ದುರ್ಗಾ ತಾನೇ ಎರಡನೆಯದನ್ನು ಹಾಕಿದಳು. ಹೆಂಗಸು ಮಾತು ಮುಗಿಸಿದ ಮೇಲೆ ಹಸಿರು ಮುಚ್ಚಳದ ಬಾಟಲಿ! ಅಜ್ಜನ ಕೈಯಲ್ಲೂ ಅದೇ. ನಂಬರೂ ಅದೇ.

"ಟೀಚರ್!" ದುರ್ಗಾ ಕುರ್ಚಿಯಿಂದ ಎದ್ದೇ ನಿಂತಳು. "ಇವರು ಬ್ಯಾರೆ ಬ್ಯಾರೆ ಮಂದಿ ಅಲ್ರಿ! ಎಲ್ಲಾರೂ ಒಂದೇ ಅಂಗಡಿಯವರು!"

"ನಾನು ಹೇಳಲಿಲ್ಲ, ನೀನೇ ಹಿಡದಿ," ಅಂದರು ಟೀಚರ್. "ಎಣ್ಣಿ ಮಾರಾಕ ಬಂದಾಂವ ಮೊದ್ಲ ನಮ್ಮನ್ನ ಅಂಜಸ್ಬೇಕಲ್ಲ."

ಆಮೇಲೆ ಇಬ್ಬರೂ ಸೇರಿ ಒಂದು ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗದ ಪುಟ ತೆರೆದರು. ಸಂಗೀತವಿಲ್ಲ, ಬಣ್ಣವಿಲ್ಲ. ಬರೆದ ವೈದ್ಯರ ಹೆಸರಿತ್ತು, ತಾರೀಖಿತ್ತು. ತೊನ್ನು ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಉಂಡರೂ ಬರುವುದಿಲ್ಲ ಎಂದಿತ್ತು. ಮಕ್ಕಳಲ್ಲಿ ಕಾಣುವ ಬಿಳಿ ಕಲೆಗಳೆಲ್ಲ ತೊನ್ನೇ ಆಗಬೇಕಿಲ್ಲ ಎಂದೂ ಇತ್ತು. ದುರ್ಗಾ ಅಷ್ಟಕ್ಕೇ ಬಿಡಲಿಲ್ಲ. "ಇನ್ನೊಂದು ನೋಡೂಣ್ರಿ," ಎಂದು ಹಟ ಹಿಡಿದಳು. ಬೇರೆ ಊರಿನ ಮೆಡಿಕಲ್ ಕಾಲೇಜಿನ ಪುಟವೂ ಅದನ್ನೇ ಹೇಳಿತು. ಕೆಳಗೆ ಯಾವ ಬಾಟಲಿಯೂ ಇರಲಿಲ್ಲ.

"ಹಂಗಾರ ಇದು ಏನ್ರಿ?" ದುರ್ಗಾ ತೋಳು ಮುಟ್ಟಿಕೊಂಡಳು.

"ನಂಗ ಗೊತ್ತಿಲ್ಲವಾ. ನಾ ಕಂಪ್ಯೂಟರ್ ಟೀಚರ್. ಈ ಸ್ಕ್ರೀನಿಗೂ ನಿನ್ನ ತೋಳು ಕಾಣೂದಿಲ್ಲ. ಮನ್ಯಾಗ ಹೇಳು, ಡಾಕ್ಟರಿಗೆ ತೋರಸ್ರಿ."

ಸಂಜೆ ಕಲೆ ನೋಡಿದ ಅವ್ವನ ಮುಖ ಒಂದು ಗಳಿಗೆ ಬಾಡಿತು. "ಯಾರ ಮುಂದೂ ಹೇಳಬ್ಯಾಡ," ಎಂದು ಪಿಸುಗುಟ್ಟಿದಳು. ಮಗಳು ತಮ್ಮನನ್ನು ಯಾಕೆ ಎತ್ತಿಕೊಳ್ಳುತ್ತಿರಲಿಲ್ಲ ಎಂಬುದು ಅವಳ ಬಾಯಿಂದಲೇ ತಿಳಿದ ಮೇಲೆ ಮಾತ್ರ ತಡೆಯಲಾಗದೆ ಬಾಬುವನ್ನು ತಂದು ಅವಳ ತೊಡೆಯ ಮೇಲೆ ಕೂರಿಸಿದಳು. "ಹುಚ್ಚಿ! ಒಬ್ಬಾಕೀನ ಇಷ್ಟೆಲ್ಲ ಹೊತಗೊಂಡು ಕುಂತಿದ್ದಿ?" ಬಾಬು ಅಕ್ಕನ ಜಡೆ ಹಿಡಿದು ಜಗ್ಗಿದ.

ಸ್ನೇಹಲ್‌ಳದು ಇನ್ನೂ ಸುಲಭವಾಯಿತು. ಅವ್ವ ಬೇಡವೆಂದಿದ್ದರೂ ಮರುದಿನ ದುರ್ಗಾ ತೋಳು ತೋರಿಸಿದಾಗ, ಅವಳು ಕಲೆಯನ್ನು ಹತ್ತಿರದಿಂದ ನೋಡಿ, "ಇಷ್ಟೇನಾ? ಮೊದಲೇ ಹೇಳೋಕೇನಾಗಿತ್ತು?" ಎಂದು ಬೈದು, ಬ್ಯಾಗನ್ನು ಹಳೇ ಬೆಂಚಿಗೆ ತಂದಿಟ್ಟಳು.

ಗುರುವಾರ ಫ್ಯಾಕ್ಟರಿಗೆ ರಜೆ. ಶಾಲೆ ಬಿಟ್ಟ ಮೇಲೆ ಅಪ್ಪ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ತೋಳನ್ನು ಬೆಳಕಿಗೆ ಹಿಡಿದು ನೋಡಿ, ಒಣ ಚರ್ಮದ ಮಕ್ಕಳಿಗೆ ಇಂಥ ಕಲೆ ಬರುವುದು ಸಾಮಾನ್ಯ, ಮುಲಾಮು ಹಚ್ಚಿದರೆ ನಿಧಾನಕ್ಕೆ ಮಾಯುತ್ತದೆ ಎಂದರು. ಅಪ್ಪ ನಿಟ್ಟುಸಿರು ಬಿಟ್ಟು ಎದ್ದ. ದುರ್ಗಾ ಏಳಲಿಲ್ಲ.

"ಒಂದು ವೇಳೆ ತೊನ್ನೇ ಆಗಿದ್ದರೆ?" ಎಂದು ಮರಾಠಿಯಲ್ಲಿ ಕೇಳಿದಳು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಆಗಲೂ ನೀನು ನೀನೇ. ಆಗಲೂ ಎಲ್ಲರೊಂದಿಗೆ ಕೂಡಬಹುದು, ಆಡಬಹುದು."

ಮರಳುವಾಗ ಬಸ್ಸು ತುಂಬಿ ತುಳುಕುತ್ತಿತ್ತು. ಜನ ಕಂಬಿ ಹಿಡಿದು ಜೋತಾಡುತ್ತಿದ್ದರು. ಆದರೂ ಕಿಟಕಿಯ ಬಳಿ ಕೂತಿದ್ದ ಒಬ್ಬ ಹೆಂಗಸಿನ ಪಕ್ಕದ ಸೀಟು ಖಾಲಿ ಇತ್ತು. ಅವರ ಅರ್ಧ ಮುಖ ಕಂದು, ಅರ್ಧ ಹಾಲಿನಂತೆ ಬಿಳಿ. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊರಗೆ ನೋಡುತ್ತಿದ್ದರು.

ಆ ಕೈಗಳು ಸೆರಗಿನೊಳಗೆ ಯಾಕಿವೆ ಎಂದು ದುರ್ಗಾಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಅಪ್ಪನ ಪಕ್ಕದಿಂದ ಜನರ ನಡುವೆ ನುಸುಳಿಕೊಂಡು ಮುಂದೆ ಹೋದಳು. "ಮಾವಶೀ, ಇಲ್ಲಿ ಕೂಡಲಾ?" ಎಂದು ಮರಾಠಿಯಲ್ಲಿ, ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಕೇಳಿದಳು.

ಹೆಂಗಸು ಬೆಚ್ಚಿ ತಿರುಗಿದರು. ಅವಳನ್ನು ನೋಡಿ ಕಿಟಕಿಯ ಕಡೆಗೆ ಇನ್ನಷ್ಟು ಸರಿದರು. ದುರ್ಗಾ ಆರಾಮಾಗಿ ಹಿಂದಕ್ಕೆ ಒರಗಿ ಕೂತಳು. ಸಿಗ್ನಲ್ಲಿನಲ್ಲಿ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ದುರ್ಗಾ ಸೀಟಿನಿಂದ ಮುಂದಕ್ಕೆ ಜಾರಿದಳು. ಆಗ ಸೆರಗಿನಿಂದ ಒಂದು ಬಿಳಿ ಕೈ ಚಟ್ಟನೆ ಹೊರಬಂದು ಅವಳನ್ನು ಹಿಡಿದುಕೊಂಡಿತು.

ಬಸ್ಸು ಮತ್ತೆ ಹೊರಟಿತು. ಆ ಕೈ ನಾಚಿ ಹಿಂದೆ ಸರಿಯಲು ಹೊರಟಾಗ ದುರ್ಗಾ ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಈ ಡ್ರೈವರ್ ಹೀಗೇ ಬ್ರೇಕ್ ಹಾಕ್ತಾನೆ ಮಾವಶೀ," ಅಂದಳು. "ನಾವು ಹಿಡ್ಕೊಂಡೇ ಕೂಡೋಣ."