ಪುಟ್ಟರಂಗಯ್ಯನವರ ಜೋಡಿನಳಿಕೆ

"ಇದು ನನ್ನ ಬಂದೂಕಲ್ಲ ಮೇಡಮ್ಮೋರೆ," ಎಂದರು ಪುಟ್ಟರಂಗಯ್ಯ, ಚಪ್ಪಲಿ ಬಿಡುವ ಮೊದಲೇ. "ಯಾರೋ ಬದ್ಲಾಯ್ಸವ್ರೆ. ಮನೇರೆಲ್ಲ ನಂಗೇ ತಲೆ ಕೆಟ್ಟದೆ ಅಂತಾವ್ರೆ."

ಗುಬ್ಬಿಯ ಸ್ವರ್ಣಲತಾ ಮೇಡಮ್ ಮನೆಯ ಅಂಗಳದಲ್ಲಿ ಕಾರು ಒರೆಸುತ್ತಿದ್ದ ರವೀಶನ ಕೈ ನಿಂತಿತು. ಮೇಡಮ್ ಇಪ್ಪತ್ತೆಂಟು ವರ್ಷ ಬಂದೂಕು ಲೈಸೆನ್ಸಿನ ಸೆಕ್ಷನ್ನಿನಲ್ಲಿದ್ದು, ಆರು ವರ್ಷದ ಹಿಂದೆ ನಿವೃತ್ತರಾದವರು. ಅವರ ಆಫೀಸಿನ ಜೀಪು ಓಡಿಸುತ್ತಿದ್ದ ರವೀಶ್ ಈಗ ಸ್ವಂತ ಕಾರು ಇಟ್ಟುಕೊಂಡಿದ್ದರೂ ಮೇಡಮ್ ಕರೆದರೆ ಬೇರೆ ಬಾಡಿಗೆ ಬಿಟ್ಟು ಬರುತ್ತಿದ್ದ. ಪೊಲೀಸರು ಕೈಬಿಟ್ಟ ಮೂರು ಕಳವುಗಳನ್ನು ಅವರು ಕುಳಿತಲ್ಲೇ ಬಿಡಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಪುಟ್ಟರಂಗಯ್ಯ ಹುತ್ರಿದುರ್ಗದ ತಪ್ಪಲಿನ ರೈತರು, ವಯಸ್ಸು ಎಪ್ಪತ್ತೆರಡು. ನಲವತ್ತೈದು ವರ್ಷದಿಂದ ಅವರ ಬಳಿ ಒಂದು ವಿಲಾಯತಿ ಜೋಡಿನಳಿಕೆ ಬಂದೂಕಿತ್ತು. ರಾಗಿ ಹೊಲಕ್ಕೆ ಬೀಳುವ ಹಂದಿ ಬೆದರಿಸಲು ತಂದದ್ದು, ಆಮೇಲೆ ಮನೆಯ ಮರ್ಯಾದೆಯೇ ಆಗಿಬಿಟ್ಟಿತ್ತು. ಆಯುಧಪೂಜೆಗೆ ಮುಂಚೆ ಕಣ್ಣಿನ ಪೊರೆ ತೆಗೆಸಲು ತುಮಕೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಮಗಳು ಪ್ರೇಮಲತಾ ಜೊತೆಯಲ್ಲೇ ಇದ್ದಳು. ಬಂದೂಕಿಗೆ ಎಣ್ಣೆ ಹಾಕಲು ರಿಪೇರಿಯ ದಾಸಯ್ಯ ಬರುತ್ತಾನೆಂದು ಬೀರುವಿನ ಕೀಲಿಯನ್ನು ದೇವರ ಗೂಡಿನಲ್ಲಿ ಇಟ್ಟು ಹೋಗಿದ್ದರು.

"ಆಗ ಮನೇಲಿ ಇದ್ದೋರು ಯಾರು?" ಎಂದು ಕೇಳಿದರು ಮೇಡಮ್.

"ಮಗ ಗಂಗಾಧರ, ಕುಣಿಗಲ್ಲಲ್ಲಿ ಹೈಸ್ಕೂಲ್ ಮೇಷ್ಟ್ರು. ಅಳಿಯ ಕಾಂತೇಶ, ಇಲ್ಲೇ ಗುಬ್ಬೀಲಿ ಕೊಬ್ರಿ ವ್ಯಾಪಾರ, ತೋಟ ನೋಡ್ಕಳಕ್ಕೆ ಬಂದಿದ್ದ. ದಾಸಯ್ಯ ಒಂದು ಮಧ್ಯಾಹ್ನ ಬಂದೋದ. ಪೂಜೆ ದಿನ ಎತ್ಕೊಂಡೆ ನೋಡಿ, ಮೂತಿ ಕಡೆ ಭಾರ ಎಳೀತು. ನಂದು ಹಂಗೆ ಎಳೀತಿರ್ಲಿಲ್ಲ. ಸ್ಟೇಷನ್‌ಗೆ ತಗೊಂಡೋದ್ರೆ, ನಂಬರ್ ಸರಿಯಾಗದೆ, ಆಪರೇಷನ್ ಆಗಿರೋ ಕಣ್ಣು, ಮನೇಗೋಗಿ ತಾತ ಅಂದ್ರು. ಹಟ ಹಿಡಿದ್ಮೇಲೆ ದಾಸಯ್ಯನ್ನ ಕರ್ಸಿ ಕೂರ್ಸವ್ರೆ. ಪಾಪ, ಅವ್ನು ನಲವತ್ತು ವರ್ಷದಿಂದ ಅದನ್ನ ಮಗೂ ಥರ ನೋಡ್ಕಂಡವ್ನು."

ಮತ್ತೆ ಹೇಳಿದರು: "ನಿಮ್ಮನ್ನ ನಂಬ್ಕಂಡ್ ಬಂದೆ. ಆರು ವರ್ಷದ್ ಹಿಂದೆ ಲೈಸೆನ್ಸನ್ನ ಕಂಪ್ಯೂಟರ್‌ಗೆ ಏರ್ಸ್ದಾಗ ಏನೋ ತಪ್ಪಾಗದೆ ಅಂತ ದಾಸಯ್ಯ ಕಂಡಿಡ್ದ. ಗಂಗಾಧರ ಅರ್ಜಿ ಬರ್ದ. ಸರಿ ಮಾಡಿದೀವಿ ಅಂತ ನೀವೇ ಕಾಗ್ದ ಕಳ್ಸಿದ್ರಿ."

ಮೇಡಮ್ ಎದ್ದರು. ಚಪ್ಪಲಿ ಮೆಟ್ಟಿದರು.

ಕುಣಿಗಲ್ ಕಡೆಗೆ ಹೋಗುವ ದಾರಿಯುದ್ದಕ್ಕೂ ರವೀಶನಿಗೆ ಸಮಾಧಾನವಿರಲಿಲ್ಲ. ಮುದುಕರ ಮಾತು ಸುಳ್ಳಾದರೆ ಅವರ ಬುದ್ಧಿ ಹೋಗಿದೆ ಎಂದಾಯಿತು. ನಿಜವಾದರೆ ಒಂದು ಬಂದೂಕು, ಗುಂಡು ಹಾರಿಸಬಲ್ಲ ಬಂದೂಕು, ಈ ಜಿಲ್ಲೆಯಲ್ಲಿ ಎಲ್ಲೋ ಯಾರ ಕೈಯಲ್ಲೋ ಇದೆ. ಎದುರಿಗೆ ಬರುವ ಪ್ರತಿಯೊಂದು ವಾಹನದೊಳಗೂ ಅವನ ಕಣ್ಣು ಇಣುಕುತ್ತಿತ್ತು. ಹಿಂದಿನ ಸೀಟಿನಲ್ಲಿ ಪುಟ್ಟರಂಗಯ್ಯ ಬೆರಳುಗಳನ್ನು ಮಡಿಸುತ್ತ, ಬಿಚ್ಚುತ್ತ ಕುಳಿತಿದ್ದರು.

ಠಾಣೆಯ ಬೆಂಚಿನ ಮೇಲೆ ದಾಸಯ್ಯ ತಲೆ ತಗ್ಗಿಸಿ ಕೂತಿದ್ದ. ಸಬ್ ಇನ್‌ಸ್ಪೆಕ್ಟರು ಬಂದೂಕನ್ನೂ ಹೋದ ವರ್ಷ ನವೀಕರಿಸಿದ ಲೈಸೆನ್ಸನ್ನೂ ಮೇಜಿನ ಮೇಲಿಟ್ಟರು.

"ನೋಡಿ ಮೇಡಮ್. ನಳಿಕೆ ಮೇಲೆ 30184. ಲೈಸೆನ್ಸಲ್ಲೂ 30184."

ಮೇಡಮ್ ಕನ್ನಡಕ ಸರಿಮಾಡಿಕೊಂಡು ಎರಡನ್ನೂ ನೋಡಿದರು. ಅವರ ಮುಖದ ಬಣ್ಣ ಇಳಿದದ್ದನ್ನು ರವೀಶ್ ಗಮನಿಸಿದ.

"ಈ ಲೈಸೆನ್ಸ್ ಯಾರ ಹತ್ರ ಇತ್ತು?"

"ಅಳಿಯ ತಂದ್ಕೊಟ್ರು. ರಿನ್ಯೂವಲ್ ಮಾಡ್ಸಿದ್ದೂ ಅವ್ರೇ, ಫೈಲೂ ಅವ್ರ ಹತ್ರಾನೇ ಇತ್ತಂತೆ."

"ಪುಟ್ಟರಂಗಯ್ಯನೋರೆ, ಕಂಪ್ಯೂಟರ್‌ಗೂ ಮುಂಚಿನ ಹಳೇ ಲೈಸೆನ್ಸ್ ಪುಸ್ತಕ ಇದೆಯಾ?"

"ಟ್ರಂಕಲ್ಲದೆ."

ಮೇಡಮ್ ಸಬ್ ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದು ಹತ್ತು ನಿಮಿಷ ಮೆಲ್ಲಗೆ ಮಾತಾಡಿದರು. ಸಬ್ ಇನ್‌ಸ್ಪೆಕ್ಟರು ಯಾರಿಗೋ ಫೋನ್ ಮಾಡಿದರು. "ನಂಗೊಂದ್ ಮಾತು ಹೇಳ್ಬಾರ್ದಾ ಮೇಡಮ್?" ಎಂದ ರವೀಶ್. "ನಾಳೆ ತನಕ ತಡ್ಕೋ," ಎಂದಷ್ಟೇ ಉತ್ತರ ಬಂತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಪುಟ್ಟರಂಗಯ್ಯನವರ ನಡುಮನೆಯಲ್ಲಿ ಎಲ್ಲರೂ ಸೇರಿದರು; ಸಬ್ ಇನ್‌ಸ್ಪೆಕ್ಟರು ದಾಸಯ್ಯನನ್ನೂ ಕರೆತಂದಿದ್ದರು. ಗಂಗಾಧರ್ ಅಸಹನೆಯಿಂದ ವಾಚು ನೋಡಿಕೊಳ್ಳುತ್ತಿದ್ದ. ಕಾಂತೇಶ್, ಮಡಿಕೆ ಮುರಿಯದ ಬಿಳಿ ಶರಟಿನಲ್ಲಿ, ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಪ್ರೇಮಲತಾ ಕಂಬಕ್ಕೆ ಒರಗಿ ನಿಂತಿದ್ದಳು.

ಮೇಡಮ್ ದಾಸಯ್ಯ, ಗಂಗಾಧರ್, ಕಾಂತೇಶ್ ಮೂವರಿಗೂ ಒಂದೊಂದು ಚೀಟಿ ಕೊಟ್ಟರು. "ಬಂದೂಕಿನ ನಂಬರ್ ಬರೀರಿ. ಗೊತ್ತಿರೋಷ್ಟು ಸಾಕು."

ದಾಸಯ್ಯ ತಟ್ಟನೆ ಬರೆದ: 30784. ಗಂಗಾಧರ್ ಯೋಚಿಸಿ, "ಪೂರ್ತಿ ನೆನಪಿಲ್ಲ. ನಡುವೆ ಏಳು ಬರಬೇಕು. ಅದು ತಪ್ಪಾಗಿದೆ ಅಂತಲೇ ಅಲ್ವಾ ನಾನು ಅರ್ಜಿ ಬರ್ದಿದ್ದು?" ಎಂದ. ಕಾಂತೇಶನ ಚೀಟಿಯಲ್ಲಿ 30184 ಎಂದಿತ್ತು.

ಮೇಡಮ್ ಹಳೆಯ ಪುಸ್ತಕ ಬಿಚ್ಚಿ ಸಬ್ ಇನ್‌ಸ್ಪೆಕ್ಟರ ಮುಂದೆ ಇಟ್ಟರು. ಅದರಲ್ಲಿ ಏಳು ಸ್ಪಷ್ಟವಾಗಿತ್ತು.

"ಆರು ವರ್ಷದ ಹಿಂದೆ ಏಳನ್ನ ಒಂದು ಅಂತ ಕಂಪ್ಯೂಟರಿಗೆ ಏರಿಸಿದವಳು ನಾನೇ," ಎಂದರು. "ಅರ್ಜಿ ಬಂದಾಗ ಸರಿಪಡಿಸಲಾಗಿದೆ ಅಂತ ಪತ್ರಕ್ಕೆ ಸಹಿ ಹಾಕಿದೆ. ಕಂಪ್ಯೂಟರಿನಲ್ಲಿ ತಿದ್ದೋದು ಮರೆತೆ. ಅದೇ ತಿಂಗಳು ನಿವೃತ್ತಿ. ಆ ತಪ್ಪು ಹೋದ ವರ್ಷದ ಲೈಸೆನ್ಸಿಗೂ ಬಂತು. ಅಂದ್ರೆ ಇವರ ಅಸಲಿ ಬಂದೂಕು ಯಾವತ್ತೂ ಈ ಲೈಸೆನ್ಸಿಗೆ ತಾಳೆ ಆಗೋ ಹಾಗೇ ಇರ್ಲಿಲ್ಲ. ಠಾಣೇಲಿರೋದು ತಾಳೆ ಆಗುತ್ತೆ. ಅದಕ್ಕೇ ಅದು ನಕಲಿ."

ಗಂಗಾಧರ್ ವಾಚು ನೋಡುವುದನ್ನು ಬಿಟ್ಟು ಮುಂದಕ್ಕೆ ಬಾಗಿದ. ಮೇಡಮ್ ಮಾತು ಮುಂದುವರಿಸಿದರು.

"ಹಾಗಾದ್ರೆ ಕೆತ್ತಿಸಿದವರು ಯಾರು? ದಾಸಯ್ಯ ಆಗಿದ್ರೆ ತನಗೆ ಗೊತ್ತಿರೋ ಏಳನ್ನೇ ಕೆತ್ತುತ್ತಿದ್ದ. ಗಂಗಾಧರೂ ಅಷ್ಟೇ. ಲೈಸೆನ್ಸ್ ಸರಿಯಾಗಿದೆ ಅಂತ ನನ್ನ ಪತ್ರ ನೋಡಿ ಇಬ್ರೂ ನಂಬಿದ್ರು, ಹೊಸ ಲೈಸೆನ್ಸನ್ನ ಇಬ್ರೂ ಕಂಡಿಲ್ಲ. ಬಂದೂಕನ್ನ ಹತ್ತಿರದಿಂದ ನೋಡದೆ, ಬರೀ ಕಾಗದ ಇಟ್ಕೊಂಡು, ಮೊದಲೇ ನಕಲಿ ತಯಾರು ಮಾಡಿಸಿದವರ ಕೆಲಸ ಇದು. ಆ ಎರಡು ದಿನದಲ್ಲಿ, ದಾಸಯ್ಯ ಎಣ್ಣೆ ಹಾಕಿ ಹೋದ್ಮೇಲೆ, ಬದಲಾಯಿಸಿದ್ದಷ್ಟೇ. ಕಾಂತೇಶ್, ನೀವು ಮದ್ವೆಯಾಗಿದ್ದು ಐದು ವರ್ಷದ ಹಿಂದೆ. ಅರ್ಜಿಯ ವಿಷಯ ನಿಮಗೆ ಯಾರೂ ಹೇಳಿರ್ಲಿಲ್ಲ."

"ನಾನ್ಯಾಕ್ ಮಾಡ್ಲಿ? ನಂಗೆ ಬಂದೂಕು ಯಾಕ್ ಬೇಕು?" ಎಂದ ಕಾಂತೇಶ್.

"ಲೈಸೆನ್ಸಿಗೆ ಎರಡು ಸಲ ಅರ್ಜಿ ಹಾಕಿದೀರ. ಎರಡೂ ಸಲ ವಾಪಸ್ ಬಂದಿದೆ," ಎಂದರು ಸಬ್ ಇನ್‌ಸ್ಪೆಕ್ಟರು. ಅಷ್ಟರಲ್ಲಿ ಅವರ ಫೋನು ಮೊಳಗಿತು. ಶೋಧಕ್ಕೆ ಕಳಿಸಿದ್ದ ಪೇದೆಗಳ ಮಾತು ಕೇಳಿಸಿಕೊಂಡು, "ಗುಬ್ಬೀಲಿ ನಿಮ್ಮ ಕೊಬ್ರಿ ಗೋಡೌನಿನ ಅಟ್ಟದ ಮೇಲೆ ಬಂದೂಕು ಸಿಕ್ಕಿದೆ," ಎಂದರು. "ಏಳು ಇರೋದು. ತೋಟಾ ತುಂಬಿಸಿಟ್ಟಿದ್ರಂತೆ."

ಕಾಂತೇಶ್ ಕುರ್ಚಿಯಲ್ಲಿ ಹಿಂದಕ್ಕೆ ಕುಸಿದ. ತೀರಿಹೋದ ಹಳೆ ಬೇಟೆಗಾರನೊಬ್ಬನ, ನೋಡಲು ಅಂಥದ್ದೇ ಆದರೂ ಗುಂಡು ಹಾರದ ಬಂದೂಕನ್ನು ಗುಜರಿಯವನ ಮೂಲಕ ಹಿಡಿದದ್ದು, ಅದರ ನಂಬರು ಉಜ್ಜಿಸಿ ಹೊಸದು ಕೆತ್ತಿಸಿದ್ದು ಎಲ್ಲವನ್ನೂ ತಡವರಿಸುತ್ತ ಹೇಳಿದ. ಸ್ನೇಹಿತರ ಜೊತೆ ದೇವರಾಯನದುರ್ಗದ ಕಾಡಂಚಿಗೆ ಶಿಕಾರಿಗೆ ಹೋಗುವ ಮಾತಾಗಿತ್ತಂತೆ, ಬರುವ ಭಾನುವಾರವೇ.

"ಮಾವ ಒಂದಿನಾನಾದ್ರೂ ನನ್ ಕೈಗೆ ಕೊಟ್ರಾ?" ಎಂದ ಕಡೆಗೆ. "ಐದು ವರ್ಷ. ಪೂಜೆ ದಿನಾನೂ ದೂರ ನಿಂತ್ಕೋ ಅಂತಿದ್ರು. ಊರೋರ ಮುಂದೆ."

ಗಂಗಾಧರ್ ಎದ್ದು ಬಂದು ತಂದೆಯ ಕಾಲ ಬಳಿ ಕುಳಿತ. ಪುಟ್ಟರಂಗಯ್ಯ ಅವನ ತಲೆಯ ಮೇಲೆ ಕೈಯಿಟ್ಟರೇ ಹೊರತು ಅವನ ಕಡೆ ನೋಡಲಿಲ್ಲ.

"ತಪ್ಪು ನಂದೂ ಇದೆ ಯಜಮಾನ್ರೆ," ಎಂದರು ಮೇಡಮ್.

"ನೀವು ತಪ್ಪು ಮಾಡ್ದೆ ಹೋಗಿದ್ರೆ ನನ್ ಮಾತ್ನ ಇವತ್ಗೂ ಯಾರೂ ನಂಬ್ತಿರ್ಲಿಲ್ಲ ಬುಡಿ," ಎಂದ ಮುದುಕರು ಅಳಿಯನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. "ಒಂದ್ಸಲ ಕೊಟ್ಬುಟ್ಟಿದ್ರೆ ಆಗಿರೋದೇನೋ. ನಂದೇ ಜಂಬ ಜಾಸ್ತಿ ಆಯ್ತೇನೋ."

ಪ್ರೇಮಲತಾ ಕಂಬ ಬಿಟ್ಟು ಮುಂದೆ ಬಂದಳು. ಗಂಡನನ್ನು ಜೀಪಿಗೆ ಕರೆದೊಯ್ಯಲು ಪೇದೆ ಹೊಸ್ತಿಲಲ್ಲಿ ನಿಂತಿದ್ದ.

"ಅಪ್ಪ," ಎಂದಳು, "ನಾನು ಹುಟ್ಟಿದಾಗಿಂದ ಈ ಮನೇಲಿದ್ದೆ. ನನ್ ಕೈಗೂ ಒಂದಿನ ಕೊಟ್ಟಿರ್ಲಿಲ್ಲ. ನಾನು ಕದ್ನಾ?"